ಬೊಂಬೆಯ ಸೈನ್ಯಕ್ಕೆ ಯಾವ ಬಣ್ಣ?

ಕಳೆದ ದಸರೆಯಲ್ಲಿ ನಮ್ಮ ಮನೆಯ ಗೊಂಬೆಗಳ ಮೆಟ್ಟಿಲುಗಳಲ್ಲಿ ಒಂದನ್ನು ಯುದ್ಧಕ್ಕೆ ಬಿಟ್ಟುಕೊಡಬೇಕಾಯಿತು. ಪಟ್ಟದ ಗೊಂಬೆಗಳ ಕೆಳಗೆ ಮಧುಗಿರಿಯ ಕೋಟೆಯೂ ಅದನ್ನು ಮುತ್ತುವ ಸೈನ್ಯವೂ ಇರಬೇಕೆಂಬುದು ಮೊಮ್ಮಗನ ಹಟ. ಅಂಗಡಿಯಲ್ಲಿ ಸಿಕ್ಕಿದ ಪ್ಲಾಸ್ಟಿಕ್ ಸಿಪಾಯಿಗಳಾದರೋ ಎಲ್ಲರೂ ಹಸಿರು, ಎಲ್ಲರ ಕೈಯಲ್ಲೂ ಈ ಕಾಲದ ಬಂದೂಕು. ಕೊನೆಗೆ ಹಳೆಯ ಪತ್ರಿಕೆಗಳನ್ನು ನೆನೆಸಿ, ಮೆಂತ್ಯದೊಡನೆ ರುಬ್ಬಿ, ತಂತಿಯ ಮೇಲೆ ಮೆತ್ತಿ, ಬೆರಳುದ್ದದ ನಲವತ್ತು ಸೈನಿಕರನ್ನು ನಾವೇ ಮಾಡಿದೆವು.

ಇಂತಹ ಪುಟ್ಟ ಸೈನ್ಯಗಳನ್ನು ಮೇಜಿನ ಮೇಲೆ ಹೂಡಿ ಕಾದಾಡುವುದು ಪಶ್ಚಿಮ ದೇಶಗಳಲ್ಲಿ ದೊಡ್ಡವರ ಹವ್ಯಾಸವೇ ಆಗಿದೆ. ಪ್ರಷ್ಯದ ರೈಸ್ವಿಟ್ಜ್ ಎಂಬ ಅಧಿಕಾರಿ 1824ರಲ್ಲಿ ಸೇನಾಧಿಕಾರಿಗಳ ತರಬೇತಿಗೆಂದು ಯುದ್ಧದಾಟದ ನಿಯಮಗಳನ್ನು ಪ್ರಕಟಿಸಿದನು. ಆಂಗ್ಲ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ಆಟಿಕೆ ಸಿಪಾಯಿಗಳ ಕಾಳಗಕ್ಕೆಂದೇ ಒಂದು ಪುಸ್ತಕ ಬರೆದನು. ಆನೆ, ಕುದುರೆ, ರಥ, ಕಾಲಾಳುಗಳ ಚತುರಂಗವನ್ನು ಲೋಕಕ್ಕೆ ಕೊಟ್ಟ ನಮಗೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ.

ಬಣ್ಣ ಹಚ್ಚುವುದರಲ್ಲಿಯೂ ಒಂದು ಶಾಸ್ತ್ರವಿದೆ. ಮೊದಲು ಬಿಳಿಯ ತಳಬಣ್ಣ. ಅದು ಒಣಗಿದ ಮೇಲೆ ಉಡುಪಿನ ಬಣ್ಣ. ಅನಂತರ ನೀರಾಗಿ ಕಲಸಿದ ಕಂದು ಬಣ್ಣವನ್ನು ಮೇಲೆ ಹರಿಯಬಿಟ್ಟರೆ ಅದು ಮಡಿಕೆಗಳಲ್ಲಿ ನಿಂತು ನೆರಳಾಗುತ್ತದೆ. ಕಡೆಗೆ ಒಣ ಕುಂಚದಿಂದ ಉಬ್ಬಿದ ಭಾಗಗಳಿಗೆ ತಿಳಿಬಣ್ಣವನ್ನು ಸವರಬೇಕು. ಬೆರಳುದ್ದದ ಮನುಷ್ಯನ ಮೇಲೆ ಬೆಳಕು ತಾನಾಗಿ ಸಾಕಷ್ಟು ನೆರಳು ಮೂಡಿಸುವುದಿಲ್ಲವಾದುದರಿಂದ ನೆರಳನ್ನೂ ನಾವೇ ಬರೆಯಬೇಕಾಗುತ್ತದೆ.

ಆದರೆ ಯಾವ ಸೈನ್ಯಕ್ಕೆ ಯಾವ ಬಣ್ಣ? ನಮ್ಮ ಸೀಮೆಯ ಬೆಟ್ಟಗಳು ಕಂಡ ದಂಡುಗಳು ಒಂದೆರಡಲ್ಲ. ಶಿರಾ 1638ರಲ್ಲಿ ಬಿಜಾಪುರದ ರಣದುಲ್ಲಾಖಾನನ ವಶವಾಯಿತು. 1687ರಲ್ಲಿ ಮೊಗಲರ ಸುಬಾದ ರಾಜಧಾನಿಯಾಯಿತು. ಹೈದರನ ತಂದೆ ಫತೇ ಮಹಮ್ಮದನು ಸೇವೆಯಲ್ಲಿದ್ದುದು ಇದೇ ಶಿರಾದ ನವಾಬರಲ್ಲಿ. 1761ರಲ್ಲಿ ಮಗನೇ ಶಿರಾದ ನವಾಬನೆನಿಸಿದನು. ಮಧುಗಿರಿಯನ್ನು 1678ರಲ್ಲಿ ಚಿಕ್ಕದೇವರಾಜ ಒಡೆಯರು ಅಲ್ಲಿನ ಪಾಳೆಯಗಾರರಿಂದ ಗೆದ್ದರು. ಬಿದನೂರಿನ ರಾಣಿ ವೀರಮ್ಮಾಜಿಯನ್ನು 1763ರಲ್ಲಿ ಹೈದರನು ಸೆರೆಯಿಟ್ಟುದೂ, 1767ರಲ್ಲಿ ಮರಾಠರು ಬಿಡಿಸಿದುದೂ ಈ ಕೋಟೆಯಿಂದಲೇ. ಕೊರಟಗೆರೆಯ ಕಡೆಯ ಚನ್ನರಾಯನದುರ್ಗ, ಪಾವಗಡದ ನಿಡಗಲ್ಲು, ನಮ್ಮ ಮಿಡಿಗೇಶಿ, ಇವುಗಳಿಗೂ ತಮ್ಮ ತಮ್ಮ ಕಥೆಗಳಿವೆ.

ಇಂಗ್ಲಿಷರಿಗೆ ಕೆಂಪಂಗಿಯೆಂಬುದು ನಿರ್ವಿವಾದ. ಟಿಪ್ಪುವಿನ ಕ್ರಮಬದ್ಧ ಕಾಲಾಳುಗಳು ನೇರಳೆ ಬಣ್ಣದ ಬಟ್ಟೆಯ ಮೇಲೆ ಬಿಳಿಯ ವಜ್ರಾಕಾರದ ಮಚ್ಚೆಗಳಿದ್ದ 'ಹುಲಿ ಅಂಗಿ'ಯನ್ನು ತೊಡುತ್ತಿದ್ದರೆಂದು ಅವರೊಡನೆ ಕಾದಿದ ಆಂಗ್ಲ ಅಧಿಕಾರಿಗಳೇ ಬರೆದಿಟ್ಟಿದ್ದಾರೆ. ರಾಕೆಟ್ ಹಿಡಿದ ಮೈಸೂರು ಸೈನಿಕನೊಬ್ಬನನ್ನು ರಾಬರ್ಟ್ ಹೋಮ್ ಎಂಬ ಚಿತ್ರಕಾರನು ಬರೆದಿದ್ದಾನೆ.

ಎಲ್ಲಕ್ಕಿಂತ ದೊಡ್ಡ ಆಧಾರ ಶ್ರೀರಂಗಪಟ್ಟಣದ ದರಿಯಾ ದೌಲತ್. ಕರ್ನಲ್ ಬೇಲಿಯ ದಂಡು 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ನಾಶವಾದ ಕಾಳಗವನ್ನು ಅಲ್ಲಿನ ಪಶ್ಚಿಮದ ಗೋಡೆಯ ಮೇಲೆ ಬರೆಯಲಾಗಿದೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಸುತ್ತಲೂ ಸಾಲು ಸಾಲು ಪುಟ್ಟ ಸೈನಿಕರು. ಪ್ರವಾಸಕ್ಕೆ ನನ್ನೊಡನೆ ಬಂದವರಿಗೆಲ್ಲ 'ಇದು ಕಣ್ಣಿಗೆ ಕಾಣುವ ಇತಿಹಾಸ' ಎಂದು ಹೇಳಿದ್ದೆನಲ್ಲವೆ? ಅದಕ್ಕೊಂದು ತಿದ್ದುಪಡಿ ಬೇಕು. ಆ ಚಿತ್ರಗಳು ಒಮ್ಮೆ ಕೆಟ್ಟು, ವೆಲ್ಲೆಸ್ಲಿಯ ಕಾಲದಲ್ಲಿ ದುರಸ್ತಿಯಾಗಿ, ಮತ್ತೆ ಸುಣ್ಣದಡಿ ಮರೆಯಾಗಿದ್ದವು. 1855ರಲ್ಲಿ ಡಾಲ್‌ಹೌಸಿಯ ಆಜ್ಞೆಯಂತೆ, ಮೂಲ ಚಿತ್ರ ನೆನಪಿದ್ದ ದೇಶೀಯ ಕಲಾವಿದನೊಬ್ಬನು ಅವನ್ನು ಮತ್ತೆ ಬರೆದನು. ನಾವು ನೋಡುವ ಬಣ್ಣದಲ್ಲಿ ಇತಿಹಾಸದಷ್ಟೇ ಒಬ್ಬ ಮನುಷ್ಯನ ನೆನಪೂ ಬೆರೆತಿದೆ.

ನೆನಪೆಂದಾಗ ಒಂದು ಹಳೆಯ ಸಂಗತಿಯನ್ನು ಹೇಳಲೇಬೇಕು. ಸುಮಾರು ಮೂವತ್ತೈದು ವರ್ಷಗಳ ಹಿಂದೆ ಶಾಲೆಯ ವಸ್ತುಪ್ರದರ್ಶನಕ್ಕೆ ಮಕ್ಕಳಿಂದ ಪಾಳೆಯಗಾರರ ಕೋಟೆಯ ಮಾದರಿಯನ್ನು ಮಾಡಿಸಿದ್ದೆ. ಮಣ್ಣಿನ ಸೈನಿಕರಿಗೆಲ್ಲ ಕಂಪನಿ ನಾಟಕದ ರಾಜರಂತೆ ಕೆಂಪು ಮಕಮಲ್ಲು, ಚಿನ್ನದ ಅಂಚು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, 'ಸಾರ್, ನಮ್ಮ ಹಿರೀಕರು ಕೋಟೆ ಕಾಯೋವಾಗ ಕರೀ ಕಂಬಳಿ ಹೊದ್ಕೊಂಡೇ ಇರ್ತಿದ್ರಂತೆ, ನಮ್ಮಜ್ಜ ಹೇಳ್ತಿತ್ತು' ಎಂದ. 'ಪುಸ್ತಕದಲ್ಲಿ ಎಲ್ಲಿದೆ ತೋರಿಸು' ಎಂದೆ. ತರಗತಿ ನಕ್ಕಿತು. ಅವನು ತಲೆ ತಗ್ಗಿಸಿ ಕುಳಿತ. ಆಮೇಲೆ ಅವನು ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಲಿಲ್ಲ.

ಪುಸ್ತಕದಲ್ಲಿ ಇತ್ತು, ನಾನು ಓದಿರಲಿಲ್ಲ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕಂದಾಚಾರವೆಂಬ ವ್ಯವಸ್ಥೆಯಿತ್ತು. ಕಂದಾಚಾರದ ಆಳುಗಳು ಯುದ್ಧ ಬಂದಾಗ ಸೈನಿಕರು, ಉಳಿದ ಕಾಲದಲ್ಲಿ ಕಾವಲುಗಾರರು ಮತ್ತು ಬೇಸಾಯಗಾರರು. ಅವರ ಸಂಬಳದ ಒಂದು ಭಾಗ ಜಮೀನಿನ ರೂಪದಲ್ಲಿ ಸಲ್ಲುತ್ತಿತ್ತು. ಇಡೀ ದಂಡಿಗೆ ಒಂದೇ ಉಡುಪು ಎಂಬುದು ಯೂರೋಪಿನ ಕವಾಯತಿನ ಜೊತೆಯಲ್ಲಿ ಬಂದ ಪದ್ಧತಿ. ಹೊಲದಿಂದ ನೇರವಾಗಿ ಬುರುಜಿಗೆ ಹತ್ತಿದವನು ಮನೆಯಲ್ಲಿ ಉಡುತ್ತಿದ್ದುದನ್ನೇ ಉಟ್ಟು ಬರುತ್ತಿದ್ದ. ಶಿರಾ, ಪಾವಗಡದ ಬಯಲುಗಳಲ್ಲಿ ಕುರಿ ಮೇಯುತ್ತಿರುವಾಗ, ಬೆಟ್ಟದ ತುದಿಯ ರಾತ್ರಿಯ ಗಾಳಿಗೆ ಅವನು ಕಂಬಳಿಯಲ್ಲದೆ ಮಕಮಲ್ಲು ಹೊದ್ದಾನೆಯೆ? ಆ ಹುಡುಗನ ಅಜ್ಜ ಹೇಳಿದುದು ನನ್ನ ಬಿ.ಎಡ್. ಪಾಠಯೋಜನೆಗಿಂತ ಸತ್ಯಕ್ಕೆ ಹತ್ತಿರವಾಗಿತ್ತು.

ಹೀಗಾಗಿ ನಮ್ಮ ಮೇಜಿನ ಸೈನ್ಯದಲ್ಲಿ ಇಂಗ್ಲಿಷರ ಸಾಲು ಮುಗಿಸಲು ಒಂದು ಸಂಜೆ ಸಾಕಾಯಿತು. ಎಲ್ಲರಿಗೂ ಅದೇ ಕೆಂಪು. ಕೋಟೆಯವರಿಗೆ ಒಂದು ವಾರ ಹಿಡಿಯಿತು. ಒಬ್ಬನಿಗೆ ಮಾಸಿದ ಬಿಳಿಯ ಪಂಚೆ, ಒಬ್ಬನಿಗೆ ಕಾವಿ ಬಣ್ಣದ ಮುಂಡಾಸು, ಒಬ್ಬನು ಬರಿಮೈ, ಕೆಲವರಿಗೆ ಕರಿಯ ಕಂಬಳಿ. ಕಪ್ಪಿನ ಮೇಲೆ ನೆರಳು ಕಾಣುವುದಿಲ್ಲ. ಬೂದಿ ಬಣ್ಣವನ್ನು ಅಂಚಿನಲ್ಲಿ ಸವರಿದ ಮೇಲೆಯೇ ಅದು ಕಂಬಳಿಯಾಯಿತು. 'ತಾತ, ಇವರು ಸೈನ್ಯದ ಹಾಗೆ ಕಾಣೋದಿಲ್ಲ, ನಮ್ಮ ಊರಿನವರ ಹಾಗೆ ಕಾಣ್ತಾರೆ' ಎಂದ ಮೊಮ್ಮಗ. ಅವರು ಊರಿನವರೇ ಕಣಪ್ಪ ಎಂದೆ.

ಆ ಹುಡುಗ ಈಗ ಐವತ್ತರ ಆಸುಪಾಸಿನವನು. ಅವನ ಹೆಸರು ನನಗೆ ಚೆನ್ನಾಗಿ ನೆನಪಿದೆ. ಇಲ್ಲಿ ಬರೆಯುವುದು ಸರಿಯಲ್ಲ. ಈ ಪುಟವನ್ನು ಅವನು ಓದಿದರೆ, ಅಂದು ನಕ್ಕವರಲ್ಲಿ ಯಾರಾದರೂ ಓದಿದರೆ, ಒಂದು ಮಾತು: ತಪ್ಪು ನನ್ನದು. ಮುಂದಿನ ದಸರೆಗೆ ಮನೆಗೆ ಬಾರಪ್ಪ. ಬುರುಜಿನ ಮೇಲೆ ಮೊದಲು ನಿಂತಿರುವ ಕಂಬಳಿಯವನನ್ನು ನಿನಗಾಗಿಯೇ ತೆಗೆದಿರಿಸಿದ್ದೇನೆ.