ಬಾಗಿದ ಬೆನ್ನನ್ನು ಬರೆದವರು ಯಾರು?

ಅಂಕಲ್ ಟಾಮ್ ಅಂದ ಕೂಡ್ಲೆ ಕಣ್ಣ ಮುಂದೆ ಬರೋದು ಯಾರು? ನರೆತ ತಲೆಯ, ಬೆನ್ನು ಬಾಗಿದ, ಧಣಿಯ ಮುಂದೆ ಕೈಕಟ್ಟಿ ನಿಂತ ಮುದುಕ. ಆದರೆ ಹ್ಯಾರಿಯೆಟ್ ಬೀಚರ್ ಸ್ಟೋವ್ 1852ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ತೆಗೆದು ನೋಡಿ. ಅಲ್ಲಿರುವ ಟಾಮ್ ಅಗಲ ಎದೆಯ ಗಟ್ಟಿ ಆಳು, ಚಿಕ್ಕ ಮಕ್ಕಳ ಅಪ್ಪ. ತನ್ನಂಥ ಗುಲಾಮಳನ್ನು ಹೊಡಿ ಎಂದಾಗ ಚಾಟಿ ಹಿಡಿಯಲಾರೆ ಎಂದವನು. ತಪ್ಪಿಸಿಕೊಂಡ ಹೆಣ್ಣುಮಕ್ಕಳ ಗುಟ್ಟು ಬಿಟ್ಟುಕೊಡದೆ ಹೊಡೆತ ತಿಂದು ಸತ್ತವನು.

ಹಾಗಾದರೆ ಈ ಮುದುಕ ಎಲ್ಲಿಂದ ಬಂದ? ನಾಟಕ ಕಂಪನಿಗಳಿಂದ ಬಂದ. ಮುಖಕ್ಕೆ ಮಸಿ ಬಳ್ಕೊಂಡ ಬಿಳಿಯ ನಟರಿಂದ ಬಂದ. ಗೋಡೆಗೆ ಅಂಟಿಸಿದ ಪೋಸ್ಟರುಗಳಿಂದ ಬಂದ. ನೋಡಿದ್ದೇ ನಿಜ ಆಯ್ತು. ಕೊನೆಗೆ ಕರಿಯರ ಬಾಯಲ್ಲೇ ಆ ಹೆಸರು ಬೈಗುಳ ಆಯ್ತು.

ಕಾದಂಬರಿಯನ್ನು ಚಿತ್ರಕ್ಕೆ ಇಳಿಸುವುದು ಮಕ್ಕಳಾಟ ಅನ್ನುವವರು ಇದನ್ನು ನೆನಪಿಡಬೇಕು. 1941ರಲ್ಲಿ ಆಲ್ಬರ್ಟ್ ಕ್ಯಾಂಟರ್ ಅಮೆರಿಕದಲ್ಲಿ 'ಕ್ಲಾಸಿಕ್ ಕಾಮಿಕ್ಸ್' ಮಾಲೆ ಶುರು ಮಾಡಿದ. 1943ರಲ್ಲಿ ಅದರ 15ನೇ ಪುಸ್ತಕವಾಗಿ ಟಾಮನ ಕಥೆ ಬಂತು. ದಪ್ಪ ಪುಸ್ತಕ ಕೊಳ್ಳಲಾಗದ ಹುಡುಗರ ಕೈಗೂ ಕಾದಂಬರಿ ಸಿಕ್ಕಿತು, ಇದು ಸಣ್ಣ ಮಾತಲ್ಲ. ಆದರೆ ಆ ಕಥೆ ಮೂಲದಲ್ಲೇ ಬಿಳಿಯ ಹೆಣ್ಣೊಬ್ಬಳು ಮರುಗಿ ಬರೆದದ್ದು. ಗುಲಾಮರ ವಂಶದವರೇ ಬರೆದ ಕಾದಂಬರಿ ಚಿತ್ರವಾದರೆ ಹೇಗಿರುತ್ತೆ?

ಆಕ್ಟೇವಿಯಾ ಬಟ್ಲರ್ 1947ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಹುಟ್ಟಿದಳು. ತಾಯಿ ಬಿಳಿಯರ ಮನೆಗೆಲಸದವಳು. ಹಿತ್ತಿಲ ಬಾಗಿಲಿಂದ ಒಳಗೆ ಹೋಗಬೇಕು, ಎದುರಿಗೇ ಹಗುರವಾಗಿ ಮಾತಾಡಿದರೂ ಕೇಳದ ಹಾಗೆ ಇರಬೇಕು. ಕಾಲೇಜಿನಲ್ಲಿ ಜೊತೆಗಿದ್ದ ಒಬ್ಬ ಕರಿಯ ಹುಡುಗ ಹಿರಿಯರ ಮೇಲೆ ಹರಿಹಾಯ್ದ: ತಗ್ಗಿ ಬಗ್ಗಿ ನಡೆದು ನಮ್ಮನ್ನು ಹಿಂದಕ್ಕೆ ಹಾಕಿದವರೇ ಇವರು ಅಂತ. ಬಟ್ಲರ್‌ಗೆ ತಾಯಿ ನೆನಪಾದಳು. ಆ ಬಗ್ಗಿದ ಬೆನ್ನೇ ತನ್ನ ಹೊಟ್ಟೆಗೆ ಹಾಕಿದ್ದು. ಆ ಹುಡುಗನಿಗೆ ಉತ್ತರ ಹುಡುಕುತ್ತ ಬರೆದ 'ಕಿಂಡ್ರೆಡ್' ಕಾದಂಬರಿ 1979ರಲ್ಲಿ ಬಂತು.

1976ರ ಲಾಸ್ ಏಂಜಲೀಸ್. 26 ವರ್ಷದ ಬರಹಗಾರ್ತಿ ಡೇನಾ ಇದ್ದಕ್ಕಿದ್ದಂತೆ ಗುಲಾಮಗಿರಿಯ ಕಾಲದ ಮೇರಿಲ್ಯಾಂಡಿಗೆ ಹೋಗಿ ಬೀಳ್ತಾಳೆ. ಅಲ್ಲಿ ನೀರಲ್ಲಿ ಮುಳುಗುತ್ತಿದ್ದ ಧಣಿಯ ಮಗ ರೂಫಸ್‌ನನ್ನು ಉಳಿಸ್ತಾಳೆ. ಅವನು ಮುಂದೆ ಆಲಿಸ್ ಎಂಬ ಕರಿಯ ಹೆಣ್ಣನ್ನು ಕೆಡಿಸಬೇಕು, ಅದರಿಂದ ಹುಟ್ಟಿದ ಮಗುವಿನಿಂದಲೇ ಡೇನಾಳ ವಂಶ ಬೆಳೆಯಬೇಕು. ಅವನು ಸತ್ತರೆ ಇವಳಿಲ್ಲ. ಓದಿದ ಡೇನಾ, ಸ್ವತಂತ್ರ ಡೇನಾ, ಚಾಟಿಯೇಟು ತಿಂದು ತಲೆ ತಗ್ಗಿಸೋದು ಕಲೀತಾಳೆ. ಅಷ್ಟು ಬೇಗ ಕಲಿತಳಲ್ಲ ಅನ್ನೋದೇ ಓದುಗನ ಎದೆ ನಡುಗಿಸುತ್ತೆ. ಕೊನೆಗೆ ರೂಫಸ್ ಅವಳ ಮೇಲೇ ಬಿದ್ದಾಗ ಇರಿದು ಕೊಲ್ತಾಳೆ. 1976ರ ಜುಲೈ 4, ಅಮೆರಿಕದ ಸ್ವಾತಂತ್ರ್ಯಕ್ಕೆ 200 ವರ್ಷ ತುಂಬಿದ ದಿನ, ಎಡಗೈ ಕಳಕೊಂಡು ಮನೆ ಸೇರ್ತಾಳೆ.

2017ರಲ್ಲಿ ಇದು ಚಿತ್ರ ಕಾದಂಬರಿಯಾಯ್ತು. ಮಾತು ಇಳಿಸಿದವನು ಡೇಮಿಯನ್ ಡಫಿ, ಚಿತ್ರ ಬರೆದವನು ಕರಿಯ ಕಲಾವಿದ ಜಾನ್ ಜೆನ್ನಿಂಗ್ಸ್. 2006ರಲ್ಲೇ ತೀರಿಕೊಂಡ ಬಟ್ಲರ್ ಅದನ್ನು ನೋಡಲಿಲ್ಲ. 2018ರಲ್ಲಿ ಅದಕ್ಕೆ ಐಸ್ನರ್ ಪ್ರಶಸ್ತಿ ಬಂತು. ಅದರಲ್ಲಿ 1976 ಮಾಸಿದ ಕಂದು ಬಣ್ಣದಲ್ಲಿದೆ. ಗುಲಾಮಗಿರಿಯ ಕಾಲಕ್ಕೆ ಮಾತ್ರ ತುಂಬು ಬಣ್ಣ. ಮುಗಿದುಹೋಯ್ತು ಅಂದುಕೊಂಡದ್ದೇ ಹಸಿಹಸಿಯಾಗಿ ಕಣ್ಣಿಗೆ ರಾಚುತ್ತೆ.

ಚಿತ್ರದಲ್ಲಿ ಕಳೆದುಹೋಗುವುದೂ ಉಂಟು. ಕಾದಂಬರಿ ಪುಟಗಟ್ಟಲೆ ತಾಳಿಕೊಳ್ಳುವ ದಿನಗಳು ಇಲ್ಲಿ ನಾಲ್ಕು ಚೌಕದಲ್ಲಿ ಮುಗಿಯುತ್ತವೆ. ಚಾಟಿಯೇಟಿನ ಚಿತ್ರ ನೋಡುವವನಿಗೆ ತಮಾಷೆಯಾಗುವ ಅಪಾಯವಂತೂ ಇದ್ದೇ ಇದೆ. ಆದರೆ ಕಾದಂಬರಿಯಲ್ಲಿ 'ನಾನು' ಎಂದು ಮಾತಾಡಿದ ಡೇನಾ ಇಲ್ಲೂ ಚಿತ್ರದ ಮೂಲೆಯ ಚೌಕಗಳಲ್ಲಿ ಮಾತಾಡ್ತಾಳೆ. ಮೈ ಬಗ್ಗಿದಾಗಲೂ ಅವಳು ಏನು ಯೋಚಿಸ್ತಿದ್ದಾಳೆ ಅಂತ ನಮಗೆ ಗೊತ್ತಾಗುತ್ತೆ. ಪೋಸ್ಟರಿನ ಟಾಮನಿಗೆ ಬೆನ್ನು ಮಾತ್ರ ಕೊಟ್ಟರು, ಅವನ ಮಾತು ಕಿತ್ಕೊಂಡರು.

ನಮ್ಮ ಅವ್ವಂದಿರ ಬೆನ್ನನ್ನು ಚಿತ್ರದಲ್ಲಿ ಯಾರೇ ಬರೆಯಲಿ, ಅವಳ ಮಾತು ಎಲ್ಲಿ ಅಂತ ಮೊದಲು ಕೇಳೋಣ.