ಕೂಡಿಟ್ಟ ನೀರು: ಪೀಪಾಯಿಯಿಂದ ಟ್ಯಾಂಕಿನವರೆಗೆ

ನಿಮ್ಮ ಮನೆಯ ನೀರಿನ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಇಣುಕಿದ್ದು ಯಾವಾಗ? ನೆನಪಾಗುತ್ತಿಲ್ಲವೆ? ಹಾಗಿದ್ದರೆ ಈ ಲೇಖನ ನಿಮಗಾಗಿಯೇ.

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನ ಅತ್ತಿವೇರಿಗೆ ನೀವು ಹೋಗಿದ್ದೀರಾದರೆ ಅಲ್ಲಿಯ ಜಲಾಶಯದ ಏರಿಯ ಮೇಲೆ ನಿಂತೇ ಇರುತ್ತೀರಿ. ನೀರಾವರಿಗಾಗಿ ಕಟ್ಟಿದ ಈ ಜಲಾಶಯ ಇಂದು ಪಕ್ಷಿಧಾಮ. ವಿಸ್ತಾರ ಸುಮಾರು 2.23 ಚದರ ಕಿ.ಮೀ. ನೀರಿನ ನಡುವಿನ ಮರಗಳಲ್ಲಿ ಚಮಚದಂಥ ಕೊಕ್ಕಿನ ಹಕ್ಕಿಗಳೂ ಬೆಳ್ಳಕ್ಕಿಗಳೂ ಗೂಡು ಕಟ್ಟುತ್ತವೆ. ಹಿಕ್ಕೆ, ಎಲೆ, ಮಣ್ಣು ಎಲ್ಲವೂ ಆ ನೀರಿಗೇ ಬೀಳುತ್ತವೆ. ಆದರೂ ಕೆರೆ ನಾರುವುದಿಲ್ಲ. ಆದರೆ ಅದೇ ನೀರನ್ನು ಒಂದು ಪೀಪಾಯಿಯಲ್ಲಿ ತುಂಬಿ ಮುಚ್ಚಿಟ್ಟು ಎರಡು ವಾರ ಬಿಟ್ಟು ನೋಡಿ, ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ. ಏಕೆ ಹೀಗೆ?

ಕೆರೆ ಏನು ಮಾಡುತ್ತದೆ?

ನಿಂತ ನೀರಿನಲ್ಲಿ ಮಣ್ಣಿನ ಕಣಗಳು ತಳ ಸೇರುತ್ತವೆ. ಅವುಗಳೊಡನೆ ಸೂಕ್ಷ್ಮಜೀವಿಗಳೂ ಇಳಿಯುತ್ತವೆ. ಬಿಸಿಲಿನ ಅತಿನೇರಳೆ ಕಿರಣಗಳು ಕೆಲವನ್ನು ಕೊಲ್ಲುತ್ತವೆ. ಉಳಿದವನ್ನು ನೀರಿನ ಇತರ ಜೀವಿಗಳು ತಿನ್ನುತ್ತವೆ. ಗಾಳಿ ಬೀಸಿದಾಗ ಏಳುವ ಅಲೆಗಳು ಆಮ್ಲಜನಕವನ್ನು ಒಳಗೆ ಬೆರೆಸುತ್ತವೆ. ಲಂಡನ್ನಿನ ನೀರು ಸರಬರಾಜು ಮಂಡಳಿಯಲ್ಲಿದ್ದ ಅಲೆಕ್ಸಾಂಡರ್ ಹ್ಯೂಸ್ಟನ್ 20ನೆಯ ಶತಮಾನದ ಆರಂಭದಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು: ನದಿಯ ನೀರನ್ನು ಜಲಾಶಯದಲ್ಲಿ ಕೆಲವು ವಾರ ನಿಲ್ಲಿಸಿದರೆ ಅದರಲ್ಲಿರುವ ವಿಷಮಶೀತ ಜ್ವರದ ಬ್ಯಾಕ್ಟೀರಿಯಗಳಲ್ಲಿ ಬಹುಪಾಲು ಸಾಯುತ್ತವೆ. ಹಾಗೆಂದು ಕೆರೆಯ ನೀರನ್ನು ನೇರವಾಗಿ ಕುಡಿಯಬಹುದು ಎಂದಲ್ಲ. ಬಹುಪಾಲು ಎಂದರೆ ಎಲ್ಲವೂ ಅಲ್ಲವಲ್ಲ!

ಪೀಪಾಯಿಯೊಳಗೆ ಬಿಸಿಲಿಲ್ಲ, ಅಲೆಯಿಲ್ಲ, ಹೊಸ ಗಾಳಿಯಿಲ್ಲ. ಇದ್ದ ಆಮ್ಲಜನಕ ಮುಗಿದೊಡನೆ ಅದಿಲ್ಲದೆಯೇ ಬದುಕಬಲ್ಲ ಬ್ಯಾಕ್ಟೀರಿಯಗಳ ಕಾಲ ಬರುತ್ತದೆ. ಅವು ನೀರಿನಲ್ಲಿ ಕರಗಿರುವ ಸಲ್ಫೇಟನ್ನು ಹೈಡ್ರೊಜನ್ ಸಲ್ಫೈಡ್ ಆಗಿ ಬದಲಾಯಿಸುತ್ತವೆ. ಕೊಳೆತ ಮೊಟ್ಟೆಯ ನಾತ ಅದರದೇ.

ಹಡಗಿನವರ ಕಷ್ಟ

ಈ ನಾತವನ್ನು ಬೇರೆ ಯಾರಿಗಿಂತ ಹೆಚ್ಚಾಗಿ ಅನುಭವಿಸಿದವರು ಹಡಗಿನವರು. ಅತ್ತಿವೇರಿಯಿಂದ ಪಶ್ಚಿಮಕ್ಕೆ ಘಟ್ಟ ಇಳಿದು ಕಾರವಾರಕ್ಕೆ ಹೋದರೆ ಸಮುದ್ರದಲ್ಲಿ ಅಂಜದೀವ ದ್ವೀಪ ಕಾಣುತ್ತದೆ. ಕಲ್ಲಿಕೋಟೆಯಿಂದ ಹಿಂದಿರುಗುತ್ತಿದ್ದ ವಾಸ್ಕೋ ಡ ಗಾಮ 1498ರ ಸೆಪ್ಟೆಂಬರಿನಲ್ಲಿ ಇಲ್ಲಿ ಲಂಗರು ಹಾಕಿ, ಹಡಗುಗಳ ತಳ ಕೆರೆಸಿ, ಸಿಹಿನೀರು ತುಂಬಿಸಿಕೊಂಡ. ಮುಂದೆ ಆಫ್ರಿಕದ ತೀರ ಮುಟ್ಟಲು ಸುಮಾರು ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳೂ ಕುಡಿಯಲು ಇದ್ದದ್ದು ಮರದ ಪೀಪಾಯಿಗಳ ನೀರು.

ಮರವೇ ಸೂಕ್ಷ್ಮಜೀವಿಗಳಿಗೆ ಆಹಾರ. ಹಲಗೆಯ ಸಂದುಗಳು ಅವುಗಳಿಗೆ ಮನೆ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ 1739ರಲ್ಲಿ ಸಮುದ್ರಯಾನದಲ್ಲಿ ನೀರನ್ನು ಸಿಹಿಯಾಗಿ ಉಳಿಸುವ ಬಗೆಗೆ ಪುಸ್ತಕವನ್ನೇ ಬರೆದರು. ನಾರುವ ನೀರಿನ ಮೂಲಕ ತಿದಿಯಿಂದ ಗಾಳಿ ಊದಿದರೆ ನಾತ ಹೋಗುತ್ತದೆ ಎಂಬುದನ್ನೂ ಅವರು ಕಂಡುಕೊಂಡರು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಬರ್ತೊಲೆ 1803ರಲ್ಲಿ ಇನ್ನೊಂದು ಉಪಾಯ ಹೇಳಿದರು: ಪೀಪಾಯಿಯ ಒಳಮೈಯನ್ನು ಸುಟ್ಟು ಕರಿಯಾಗಿಸಿ. ಇದ್ದಿಲಿನ ಪದರ ಮರವನ್ನು ನೀರಿನಿಂದ ಬೇರೆ ಮಾಡುತ್ತದೆ, ವಾಸನೆಯನ್ನೂ ಹೀರುತ್ತದೆ.

ಆದರೆ ಮರದ ಬದಲು ಕಬ್ಬಿಣವನ್ನೇ ಏಕೆ ಬಳಸಬಾರದು? ಉಗಿ ಎಂಜಿನ್ನಿಗೆ ಹೆಸರಾದ ರಿಚರ್ಡ್ ಟ್ರೆವಿಥಿಕ್, ರಾಬರ್ಟ್ ಡಿಕಿನ್ಸನ್‌ರೊಡನೆ ಸೇರಿ 1808ರಲ್ಲಿ ಹಡಗಿಗೆ ಕಬ್ಬಿಣದ ತೊಟ್ಟಿಗಳ ಪೇಟೆಂಟ್ ಪಡೆದರು. 1815ರ ಸುಮಾರಿಗೆ ಬ್ರಿಟಿಷ್ ನೌಕಾಪಡೆ ಇವನ್ನು ವ್ಯಾಪಕವಾಗಿ ಒಪ್ಪಿಕೊಂಡಿತು. ಚೌಕಾಕಾರದ ತೊಟ್ಟಿಗಳು ದುಂಡು ಪೀಪಾಯಿಗಳಿಗಿಂತ ಕಡಿಮೆ ಜಾಗದಲ್ಲಿ ಹೆಚ್ಚು ನೀರು ಹಿಡಿದವು. ನೀರು ನಾರುವುದೂ ಕಡಿಮೆಯಾಯಿತು. ಹೊಸ ತೊಂದರೆ ಎಂದರೆ ತುಕ್ಕು. ಅದಕ್ಕೆ ಒಳಗೆ ಸಿಮೆಂಟಿನ ತಿಳಿ ಬಳಿಯುವ ರೂಢಿ ಬಂತು.

ಇಂಗ್ಲೆಂಡಿನ ಕಾಲುವೆಗಳಲ್ಲಿ ಸರಕು ಸಾಗಿಸುತ್ತಿದ್ದ, ಕೇವಲ ಏಳು ಅಡಿ ಅಗಲದ ದೋಣಿಗಳಲ್ಲಿ ಕುಟುಂಬಗಳೇ ವಾಸಿಸುತ್ತಿದ್ದವು. ಅವರ ಕುಡಿಯುವ ನೀರು ಬಣ್ಣದ ಚಿತ್ತಾರದ ಡಬ್ಬಿಗಳಲ್ಲಿ, ಕೋಣೆಯ ಮಾಡಿನ ಮೇಲೆ ಇರುತ್ತಿತ್ತು. ಆಗಾಗ ಬರಿದಾಗುತ್ತಿದ್ದ, ಕೈ ಹಾಕಿ ತಿಕ್ಕಲು ಬರುತ್ತಿದ್ದ ಡಬ್ಬಿ ಅದು. ಇಂದು ಅಂಥ ದೋಣಿಗಳಲ್ಲಿ ಹಲವಕ್ಕೆ ಮುಂಭಾಗದಲ್ಲಿ ಉಕ್ಕಿನ ತೊಟ್ಟಿ ಇರುತ್ತದೆ. ದೋಣಿಯವರು ಅದನ್ನು ಬರಿದು ಮಾಡಿ, ತುಕ್ಕು ಕೆರೆದು, ಕುಡಿಯುವ ನೀರಿಗೆ ಯೋಗ್ಯವಾದ ಬಣ್ಣ ಬಳಿದು, ಕ್ಲೋರಿನ್ನಿನಿಂದ ತೊಳೆಯಬೇಕು.

ನಮ್ಮ ಹರವಿ, ಕೊಡಗಳ ಕಥೆಯೂ ಇದೇ ಅಲ್ಲವೆ? ಬೆಳಗಾದರೆ ಹಳೆಯ ನೀರು ಚೆಲ್ಲಿ, ಹುಣಿಸೆಹಣ್ಣು, ಬೂದಿಯಿಂದ ತಿಕ್ಕಿ, ಹೊಸ ನೀರು ತುಂಬುತ್ತಿದ್ದರು. ತಾಮ್ರದ ಅಯಾನುಗಳು ಅತ್ಯಲ್ಪ ಪ್ರಮಾಣದಲ್ಲೂ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತವೆ ಎಂಬುದನ್ನು ಸಸ್ಯವಿಜ್ಞಾನಿ ನೇಗೆಲಿ ಗುರುತಿಸಿದ್ದು 1893ರಲ್ಲಿ ಪ್ರಕಟವಾಯಿತು. ಆದರೆ ಕೊಡವನ್ನು ಕಾಯ್ದದ್ದು ತಾಮ್ರಕ್ಕಿಂತ ಹೆಚ್ಚಾಗಿ ಆ ದಿನನಿತ್ಯದ ತಿಕ್ಕುವಿಕೆ. ಪ್ಲಾಸ್ಟಿಕ್ ಟ್ಯಾಂಕು ಬಂದು ಮಾಡಿನ ಮೇಲೆ ಕುಳಿತಿತು. ನೀರು ಕಣ್ಣಿನಿಂದ ದೂರವಾಯಿತು, ತಿಕ್ಕುವ ಅಭ್ಯಾಸವೂ ಹೋಯಿತು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್‌ನಿಂದ ಹಳ್ಳಿಹಳ್ಳಿಗೂ ನಲ್ಲಿ, ಟ್ಯಾಂಕುಗಳು ಬರುತ್ತಿರುವಾಗ ಈ ಮಾತು ಇನ್ನಷ್ಟು ಮುಖ್ಯ.

ಚಲುವೆ ಪುಡಿಯ ಪ್ರವೇಶ

ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನಂಟ್ 1799ರಲ್ಲಿ ಪೇಟೆಂಟ್ ಪಡೆದ ಬ್ಲೀಚಿಂಗ್ ಪುಡಿ ಹುಟ್ಟಿದ್ದು ಬಟ್ಟೆ ಬಿಳುಪಾಗಿಸಲು. 1897ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟೋನ್ ಪಟ್ಟಣದಲ್ಲಿ ವಿಷಮಶೀತ ಜ್ವರ ಹಬ್ಬಿದಾಗ ನೀರಿನ ಕೊಳವೆಗಳನ್ನೇ ಈ ಪುಡಿಯ ದ್ರಾವಣದಿಂದ ತೊಳೆದರು. 1905ರಲ್ಲಿ ಲಿಂಕನ್ ಪಟ್ಟಣದ ನೀರಿಗೆ ಹ್ಯೂಸ್ಟನ್ ಕ್ಲೋರಿನ್ ಬೆರೆಸಿದರು. 1908ರಲ್ಲಿ ಅಮೆರಿಕದ ಜೆರ್ಸಿ ಸಿಟಿಯಲ್ಲಿ ಜಾನ್ ಲೀಲ್ ಅದನ್ನು ದಿನನಿತ್ಯದ ಕ್ರಮವಾಗಿಸಿದರು.

ಮೇಡ್‌ಸ್ಟೋನಿನ ಪಾಠ ನೆನಪಿಡಿ: ನೀರು ಶುದ್ಧವಾಗಿದ್ದರೆ ಸಾಲದು, ಅದು ನಿಲ್ಲುವ ಪಾತ್ರೆಯೂ ಶುದ್ಧವಿರಬೇಕು. ಟ್ಯಾಂಕಿನ ಒಳಗೋಡೆಯನ್ನು ಬೆರಳಿನಿಂದ ಸವರಿ ನೋಡಿ. ಜಾರುವ ಆ ಲೋಳೆ ಬ್ಯಾಕ್ಟೀರಿಯಗಳು ತಾವೇ ಕಟ್ಟಿಕೊಂಡ ಹೊದಿಕೆ. ತಳದ ಕೆಸರು ಮತ್ತು ಈ ಲೋಳೆ ಎರಡೂ ಕ್ಲೋರಿನ್ನನ್ನು ನುಂಗುತ್ತವೆ. ಆದ್ದರಿಂದ ಮೊದಲು ತಿಕ್ಕಬೇಕು, ಆಮೇಲೆ ಕ್ಲೋರಿನ್. ಈ ಕ್ರಮ ತಪ್ಪಿದರೆ ಪುಡಿ ವ್ಯರ್ಥ.

ಲೆಕ್ಕ ಹೀಗೆ

ಟ್ಯಾಂಕನ್ನು ಬರಿದು ಮಾಡಿ, ಕೆಸರು ತೆಗೆದು, ಗಟ್ಟಿ ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ. ಮತ್ತೆ ತುಂಬಿಸಿ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಇರುವಂತೆ ಮಾಡಿ. 1000 ಲೀಟರಿಗೆ ಬೇಕಾದ ಕ್ಲೋರಿನ್ 50 ಗ್ರಾಂ. ಪುಡಿಯಲ್ಲಿ ಶೇ. 25 ಕ್ಲೋರಿನ್ ಇದ್ದರೆ ಪುಡಿ 200 ಗ್ರಾಂ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳ ಸೇರಿದ ಮೇಲೆ ತಿಳಿಯನ್ನು ಮಾತ್ರ ಸುರಿಯಿರಿ. ಎಲ್ಲ ನಲ್ಲಿಗಳಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ಬಿಟ್ಟು ಮುಚ್ಚಿ, ಕನಿಷ್ಠ 6 ಗಂಟೆ ಹಾಗೆಯೇ ಇಡಿ. ಈ ನೀರನ್ನು ಕುಡಿಯಬಾರದು; ಕೆರೆಗೆ ಬಿಡಲೂ ಬಾರದು, ಮೀನುಗಳು ಸಾಯುತ್ತವೆ. ಪೂರ್ತಿ ಹೊರಹಾಕಿ ಎರಡು ಬಾರಿ ತೊಳೆದು ಹೊಸ ನೀರು ತುಂಬಿ. ತೆರೆದಿಟ್ಟ ಹಳೆಯ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ಪುಡಿಯೊಡನೆ ಆಮ್ಲ ಬೆರೆಸಿದರೆ ವಿಷಾನಿಲ ಏಳುತ್ತದೆ, ಎಂದೂ ಬೆರೆಸದಿರಿ.

ಕೊನೆಯ ಎಚ್ಚರಿಕೆಯೇ ಮೊದಲನೆಯದು. ಕಬ್ಬಿಣ ತುಕ್ಕು ಹಿಡಿಯುವಾಗ ಗಾಳಿಯ ಆಮ್ಲಜನಕವನ್ನು ಹೀರುತ್ತದೆ. ಬಹುಕಾಲ ಮುಚ್ಚಿದ್ದ ಉಕ್ಕಿನ ತೊಟ್ಟಿಯಲ್ಲಿ, ಕೊಳೆತ ಕೆಸರಿರುವ ಸಂಪಿನಲ್ಲಿ ಉಸಿರಾಡುವ ಗಾಳಿಯೇ ಇಲ್ಲದಿರಬಹುದು. ಕಣ್ಣಿಗೆ ಏನೂ ಕಾಣದು, ಮೂಗಿಗೂ ತಿಳಿಯದಿರಬಹುದು. ಇಳಿದವರು ಕುಸಿಯುತ್ತಾರೆ, ಎತ್ತಲು ಹೋದವರೂ ಕುಸಿಯುತ್ತಾರೆ. ಬಾವಿಗೆ ದೀಪ ಇಳಿಸಿ ನೋಡುವ ಹಳೆಯ ಪದ್ಧತಿಗೆ ಅರ್ಥವಿತ್ತು, ಆದರೆ ವಿಷಾನಿಲಗಳನ್ನು ಅದು ತೋರಿಸದು, ಉರಿಯುವ ಅನಿಲವಿದ್ದರೆ ಅದೇ ಅಪಾಯ. ಸಾಧ್ಯವಾದಷ್ಟೂ ಹೊರಗಿನಿಂದಲೇ ಉದ್ದ ಕೋಲಿನ ಬ್ರಷ್ಷಿನಿಂದ ತಿಕ್ಕಿ. ಆಳದ ಸಂಪಿಗೆ ಮನುಷ್ಯರನ್ನು ಇಳಿಸುವ ಕೆಲಸವನ್ನು ಅನಿಲ ಪರೀಕ್ಷೆ, ಗಾಳಿಯ ವ್ಯವಸ್ಥೆ, ಎಳೆಯುವ ಹಗ್ಗ ಎಲ್ಲ ಇರುವ ತರಬೇತಾದವರಿಗೇ ಬಿಡಿ. ಕೂಲಿಗೆ ಬಂದವನ ಜೀವವೂ ಜೀವವೇ.

ಅತ್ತಿವೇರಿಯ ಕೆರೆಗೆ ಬಿಸಿಲು, ಗಾಳಿ, ಅಲೆಗಳ ನೆರವಿದೆ. ನಿಮ್ಮ ಟ್ಯಾಂಕಿಗೆ ಇರುವುದು ನೀವು ಮಾತ್ರ. ಈ ಭಾನುವಾರ ಏಣಿ ಹಾಕಿ ಮುಚ್ಚಳ ತೆಗೆಯಿರಿ.