ಮಾಹಿಯಾದಿಂದ ಹೊರಟ ಪುಟ್ಟ ರಾಕೆಟ್

ನ್ಯೂಜಿಲೆಂಡಿನ ಉತ್ತರ ದ್ವೀಪದ ಪೂರ್ವ ಕರಾವಳಿಯಲ್ಲಿ ಮಾಹಿಯಾ ಎಂಬ ಪರ್ಯಾಯ ದ್ವೀಪವಿದೆ. ಕುರಿ ಮೇಯುವ ಹುಲ್ಲುಗುಡ್ಡಗಳು, ಅಂಚಿಗೆ ಕಡಲು. 2017ರ ಮೇ 25ರಂದು ಅಲ್ಲಿಂದ ‘ಎಲೆಕ್ಟ್ರಾನ್’ ಎಂಬ ರಾಕೆಟ್ ಮೊದಲ ಸಲ ಮೇಲೆದ್ದಿತು. ಬಾಹ್ಯಾಕಾಶ ಮುಟ್ಟಿತು, ಕಕ್ಷೆ ಸೇರಲಿಲ್ಲ. ದೋಷವಿದ್ದದ್ದು ರಾಕೆಟ್ಟಿನಲ್ಲಲ್ಲ, ನೆಲದ ಮೇಲಿನ ಉಪಕರಣದಲ್ಲಿ. ಹಾರಾಟದ ಮಾಹಿತಿ ಬರುವುದು ನಿಂತದ್ದರಿಂದ ಸುರಕ್ಷತೆಗಾಗಿ ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಎಂಟು ತಿಂಗಳ ನಂತರ, 2018ರ ಜನವರಿ 21ರಂದು, ಎರಡನೆಯ ಎಲೆಕ್ಟ್ರಾನ್ ಕಕ್ಷೆ ಸೇರಿತು.

ಇದರ ಹಿಂದಿರುವ ಪೀಟರ್ ಬೆಕ್ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. ಮನೆಬಳಕೆಯ ಯಂತ್ರಗಳ ಕಾರ್ಖಾನೆಯಲ್ಲಿ ಅಚ್ಚು ಮಾಡುವ ಕೆಲಸ ಕಲಿತು, 2006ರಲ್ಲಿ ರಾಕೆಟ್ ಲ್ಯಾಬ್ ಕಟ್ಟಿದರು. ಕಂಪನಿಯ ಮುಖ್ಯ ಕಚೇರಿ ಈಗ ಕ್ಯಾಲಿಫೋರ್ನಿಯಾದಲ್ಲಿದೆ.

ಪುಟ್ಟ ರಾಕೆಟ್ ಯಾರಿಗೆ ಬೇಕಿತ್ತು? ಅದೇ 2017ರ ಫೆಬ್ರುವರಿಯಲ್ಲಿ ಇಸ್ರೋದ ಪಿಎಸ್‌ಎಲ್‌ವಿ ಒಂದೇ ಸಲಕ್ಕೆ 104 ಉಪಗ್ರಹಗಳನ್ನು ಹೊತ್ತೊಯ್ದಿತ್ತು. ಅಂಥ ಪಯಣ ಅಗ್ಗ. ಆದರೆ ಬಸ್ಸು ಹೊರಟಾಗ ಹೊರಡಬೇಕು, ಅದು ನಿಂತಲ್ಲಿ ಇಳಿಯಬೇಕು. ತನ್ನದೇ ವೇಳೆ, ತನ್ನದೇ ಕಕ್ಷೆ ಬೇಕೆನ್ನುವ ಸಣ್ಣ ಉಪಗ್ರಹಕ್ಕೆ ಆಟೊ ಇರಲಿಲ್ಲ. ಆ ಜಾಗಕ್ಕೆ ಎಲೆಕ್ಟ್ರಾನ್ ಬಂತು: 18 ಮೀಟರ್ ಎತ್ತರ, ಹೊರುವುದು ಹೆಚ್ಚೆಂದರೆ 300 ಕಿಲೋ.

ಅದರ ಜಾಣತನವಿರುವುದು ‘ರುದರ್‌ಫೋರ್ಡ್’ ಎಂಜಿನ್ನಿನಲ್ಲಿ. ದೊಡ್ಡ ರಾಕೆಟ್‌ಗಳು ಸಾಮಾನ್ಯವಾಗಿ ಒಂದಷ್ಟು ಇಂಧನವನ್ನು ಉರಿಸಿ, ಆ ಅನಿಲದಿಂದ ಟರ್ಬೈನ್ ತಿರುಗಿಸಿ ಪಂಪು ಓಡಿಸುತ್ತವೆ. ಬೆಕ್ ತಂಡ ಆ ಗೋಜಲನ್ನೆಲ್ಲ ತೆಗೆದು ಬ್ಯಾಟರಿ, ಮೋಟರ್ ಕೂರಿಸಿತು. ಎಂಜಿನ್ನಿನ ಮುಖ್ಯ ಭಾಗಗಳನ್ನು ತ್ರೀಡಿ ಮುದ್ರಣದಲ್ಲಿ ತಯಾರಿಸಿತು. ಬ್ಯಾಟರಿಗೆ ಒಂದು ತೊಡಕಿದೆ; ಖಾಲಿಯಾದರೂ ಅದರ ತೂಕ ಇಳಿಯುವುದಿಲ್ಲ. ಆದ್ದರಿಂದ ಎರಡನೆಯ ಹಂತ ಹಾರುತ್ತಿರುವಾಗಲೇ ಬರಿದಾದ ಬ್ಯಾಟರಿಗಳನ್ನು ಕಳಚಿ ಬಿಸಾಡುತ್ತದೆ! ಇಷ್ಟು ಸರಳವಾದ ಉಪಾಯವನ್ನು ಮೆಚ್ಚದಿರುವುದು ಕಷ್ಟ.

ಸೋಲುಗಳೂ ಬಂದವು. 2020ರ ಜುಲೈನಲ್ಲಿ ಒಂದು ವಿದ್ಯುತ್ ಜೋಡಣೆ ಕೈಕೊಟ್ಟು ಏಳು ಉಪಗ್ರಹಗಳು ಹೋದವು. 2021ರ ಮೇ, 2023ರ ಸೆಪ್ಟೆಂಬರ್‌ಗಳಲ್ಲಿ ಮತ್ತೆ ಎಡವಿದ್ದಾಯಿತು. ಆದರೆ 2020ರಲ್ಲಿ ಎರಡೇ ತಿಂಗಳೊಳಗೆ ಎಲೆಕ್ಟ್ರಾನ್ ಮತ್ತೆ ಹಾರಿತ್ತು.

ಬಿದ್ದ ಹಂತವನ್ನು ಮತ್ತೆ ಬಳಸುವ ಪ್ರಯತ್ನವೂ ನಡೆಯಿತು. 2022ರ ಮೇ 2ರಂದು ಪ್ಯಾರಾಚೂಟ್‌ನಲ್ಲಿ ಇಳಿಯುತ್ತಿದ್ದ ಮೊದಲ ಹಂತವನ್ನು ಹೆಲಿಕಾಪ್ಟರ್ ಕೊಕ್ಕೆಯಲ್ಲಿ ಹಿಡಿಯಿತು. ಭಾರ ಅಂದುಕೊಂಡಂತೆ ವರ್ತಿಸದಿದ್ದರಿಂದ ಪೈಲಟ್ ಬಿಟ್ಟುಬಿಟ್ಟರು. ಆಮೇಲೆ ಕಂಪನಿ ಸಮುದ್ರದಿಂದ ಎತ್ತಿ ತರುವ ದಾರಿಗೆ ಮರಳಿತು. 2023ರ ಆಗಸ್ಟ್‌ನಲ್ಲಿ ಒಮ್ಮೆ ಹಾರಿದ್ದ ಒಂದು ಎಂಜಿನ್ ಎರಡನೆಯ ಬಾರಿ ಹಾರಿತು.

2022ರ ಜೂನ್‌ನಲ್ಲಿ ನಾಸಾದ ‘ಕ್ಯಾಪ್‌ಸ್ಟೋನ್’ ಎಂಬ ಸುಮಾರು 25 ಕಿಲೋದ ನೌಕೆ ಇದೇ ಪುಟ್ಟ ರಾಕೆಟ್ಟಿನಲ್ಲಿ ಚಂದ್ರನತ್ತ ಹೊರಟಿತು. 2023ರ ಜನವರಿಯಿಂದ ಅಮೆರಿಕದ ವರ್ಜೀನಿಯಾದಿಂದಲೂ ಎಲೆಕ್ಟ್ರಾನ್ ಏರತೊಡಗಿತು. 2024ರಲ್ಲಿ 16 ಹಾರಾಟಗಳಾದವು.

ಇಷ್ಟಾದರೂ ಉಡಾವಣೆಯೊಂದನ್ನೇ ನಂಬಿ ಬದುಕುವುದು ಕಷ್ಟ. 2021ರ ಜನವರಿಯಲ್ಲಿ ಸ್ಪೇಸ್‌ಎಕ್ಸ್ ಒಂದೇ ಪಯಣದಲ್ಲಿ 143 ಉಪಗ್ರಹಗಳನ್ನು ಒಯ್ದು ಬಸ್ಸಿನ ದರವನ್ನು ಇನ್ನೂ ಇಳಿಸಿತು. ಇದೇ ಕಣದಲ್ಲಿದ್ದ ವರ್ಜಿನ್ ಆರ್ಬಿಟ್ 2023ರಲ್ಲಿ ದಿವಾಳಿಯಾಯಿತು. ರಾಕೆಟ್ ಲ್ಯಾಬ್ ಮಾತ್ರ ಸೌರಫಲಕ, ನೌಕೆಯ ಬಿಡಿಭಾಗ, ಇಡೀ ನೌಕೆಗಳನ್ನೇ ತಯಾರಿಸುವ ಉದ್ಯಮಕ್ಕೆ ಕೈಹಾಕಿತು. ಅದರ ವರಮಾನದ ಹೆಚ್ಚಿನ ಪಾಲು ಬಂದದ್ದು ಅಲ್ಲಿಂದಲೇ.

ಮುಂದಿನ ಹೆಜ್ಜೆ ‘ನ್ಯೂಟ್ರಾನ್’. 2021ರ ಮಾರ್ಚ್‌ನಲ್ಲಿ ಘೋಷಣೆಯಾದ ಇದು 43 ಮೀಟರ್ ಎತ್ತರದ, ಮೊದಲ ಹಂತ ಮರಳಿ ಇಳಿದರೂ 13 ಟನ್ ಹೊರಬಲ್ಲ ಮೀಥೇನ್ ರಾಕೆಟ್. ತುದಿಯ ಹೊದಿಕೆ ಕಳಚಿ ಬೀಳದೆ, ನೀರಾನೆಯಂತೆ ಬಾಯ್ದೆರೆದು ಎರಡನೆಯ ಹಂತವನ್ನು ಹೊರಗೆ ಬಿಡುತ್ತದೆ. 2024ಕ್ಕೆ ಹಾರಬೇಕಿದ್ದದ್ದು 2025ಕ್ಕೆ, ಅಲ್ಲಿಂದ 2026ಕ್ಕೆ ಜಾರಿತು. ಉಡಾವಣಾ ಕಟ್ಟೆ ವರ್ಜೀನಿಯಾದಲ್ಲಿ 2025ರ ಆಗಸ್ಟ್‌ನಲ್ಲಿ ಉದ್ಘಾಟನೆಯಾಯಿತು.

ಇದು ಬೆಂಗಳೂರಿಗೆ ದೂರದ ಕಥೆಯಲ್ಲ. 500 ಕಿಲೋ ಹೊರುವ ಇಸ್ರೋದ ಪುಟ್ಟ ರಾಕೆಟ್ ಎಸ್‌ಎಸ್‌ಎಲ್‌ವಿಯ ತಂತ್ರಜ್ಞಾನವನ್ನು 2025ರ ಜೂನ್‌ನಲ್ಲಿ 511 ಕೋಟಿ ರೂಪಾಯಿಯ ಬಿಡ್‌ನಿಂದ ಗೆದ್ದುಕೊಂಡದ್ದು ನಮ್ಮ ಎಚ್‌ಎಎಲ್. ಪುಟ್ಟ ರಾಕೆಟ್ ಕಟ್ಟುವುದರ ಜೊತೆಗೆ ಅದರಲ್ಲಿ ಹೋಗುವ ನೌಕೆಗಳ ಕೆಲಸವನ್ನೂ ಎಚ್‌ಎಎಲ್ ಈಗಿನಿಂದಲೇ ಹಿಡಿಯಬೇಕು.